ಬಾಗಿಲು ಮೇಜಾಗಲಿಲ್ಲ

ಹವ್ಯಾಸಗಳಲ್ಲಿ ಮರಗೆಲಸದಷ್ಟು ಜಾಗವನ್ನು ಬೇಡುವ ಹವ್ಯಾಸ ಇನ್ನೊಂದಿರಲಾರದು. ಅಂಚೆಚೀಟಿ ಸಂಗ್ರಹಿಸುವವನಿಗೆ ಒಂದು ಪುಸ್ತಕ ಸಾಕು. ಕೊಳಲು ಕಲಿಯುವವನಿಗೆ ನೆರೆಯವರ ಸಹನೆ ಸಾಕು. ಮರಗೆಲಸದವನಿಗಾದರೋ ಮೊದಲು ಒಂದು ಮೂಲೆ ಬೇಕು, ಆಮೇಲೆ ಒಂದು ಕೊಠಡಿ ಬೇಕು. ಕೊನೆಗೆ ಮನೆಯವರೆಲ್ಲ ಹೊರಗೆ ನಿಂತರೂ ಆದೀತು ಎನ್ನಿಸತೊಡಗುತ್ತದೆ. ಮೈಸೂರಿನ ಬ್ಯಾಂಕ್ ನೌಕರನೊಬ್ಬನು ಈ ಮೂರನೆಯ ಹಂತವನ್ನು ಮುಟ್ಟಿದುದು ರೌಟರ್ ಯಂತ್ರವನ್ನು ಕೊಂಡುತಂದ ಮೇಲೆ.

ರೌಟರ್ ಕೈಯಲ್ಲಿ ಹಿಡಿದು ನಡೆಸುವ ಯಂತ್ರ. ಅದರ ತುದಿಯ ಅಲಗು ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತ ಹಲಗೆಯ ಅಂಚನ್ನು ಗುಂಡಗೆ ಮಾಡುತ್ತದೆ, ಮೈಯಲ್ಲಿ ನೇರವಾದ ಕಾಲುವೆ ಕೊರೆಯುತ್ತದೆ. ದೊಡ್ಡ ಹಲಗೆಯ ಮೇಲೆ ಅದನ್ನು ನಡೆಸುವುದು ಸುಲಭ. ಪಟದ ಚೌಕಟ್ಟಿನಂಥ ಕಿರಿದಾದ ಪಟ್ಟಿಯ ಮೇಲೆ ಕಷ್ಟ. ಆದುದರಿಂದ ಯಂತ್ರವನ್ನು ಮೇಜಿನಡಿ ತಲೆಕೆಳಗಾಗಿ ಕೂರಿಸಿ, ಅಲಗು ಮಾತ್ರ ಮೇಲಕ್ಕೆ ಇಣುಕುವಂತೆ ಮಾಡಿ, ಮರವನ್ನೇ ಅದರ ಬಳಿಗೆ ನಡೆಸುವುದುಂಟು. ಮೇಜಿನ ಮೈ ತಗ್ಗಿದರೆ ಕೊರೆತದ ಆಳ ಏರುಪೇರಾಗುತ್ತದೆ. ಪಟ್ಟಿ ಎಲ್ಲಿಯಾದರೂ ತಡೆದು ಜಿಗಿದರೆ, ಬೆರಳಿಗೂ ಅಲಗಿಗೂ ನಡುವೆ ಹೆಚ್ಚು ದೂರವಿರುವುದಿಲ್ಲ.

ಅಂಥ ಮೇಜಿಗೆ ಯಾವ ಹಲಗೆ? ತಂದೆಯವರ ಉತ್ತರ ಸಿದ್ಧವಾಗಿತ್ತು. ತೀರ್ಥಹಳ್ಳಿಯ ಕಡೆಯ ಹಳೆಯ ಮನೆಯನ್ನು ಬಿಚ್ಚಿಸಿದಾಗ ಉಳಿಸಿ ತಂದ ತೇಗದ ಬಾಗಿಲೊಂದು ಅಟ್ಟದ ಮೇಲಿತ್ತು.

“ನಿನ್ನ ಅಜ್ಜ ಮಾಡಿಸಿದ್ದು ಕಣೋ. ಇದಕ್ಕಿಂತ ಒಳ್ಳೆಯ ಮರ ಯಾವ ಅಂಗಡಿಯಲ್ಲಿ ಸಿಕ್ಕೀತು?” ಎಂದರು.

ಮಾತು ಸುಳ್ಳಲ್ಲ. ಅದನ್ನು ತಳ್ಳಿಹಾಕಿದರೆ ಹಿರಿಯರ ಮನಸ್ಸು ನೊಂದೀತು. ಒಪ್ಪಿಕೊಂಡರೆ ಬಾಗಿಲಿಗೆ ಗರಗಸ ಹಾಕಬೇಕು. ಕತ್ತರಿಸಿದ ಮೇಲೆ ಅದು ಮತ್ತೆ ಬಾಗಿಲಾಗದು. ಮಗನು ಬಡಾವಣೆಯ ಹಿರಿಯ ಬಡಗಿಯನ್ನು ಕರೆತಂದನು.

ಆಚಾರ್ರು ಬಾಗಿಲಿನ ಮೇಲೆ ಅಂಗೈಯಾಡಿಸಿ ಮನಸಾರೆ ಹೊಗಳಿದರು. ಅನಂತರ ಮೆಲ್ಲನೆ ಕೇಳಿದರು: “ರಾಯರೇ, ಇದು ಮಳೆಗಾಲದಲ್ಲಿ ಸಲೀಸಾಗಿ ಮುಚ್ಚಿಕೊಳ್ಳುತ್ತಿತ್ತೇ?”

“ಎಲ್ಲಿ ಬಂತು! ಆಷಾಢದಲ್ಲಿ ನಮ್ಮಮ್ಮ ಹೆಗಲು ಕೊಟ್ಟು ನೂಕಬೇಕಾಗಿತ್ತು. ಬೇಸಗೆಯಲ್ಲಿ ನೋಡಿದರೆ ಸಂದಿನಲ್ಲಿ ಬೆಳಕು ಬರುತ್ತಿತ್ತು.”

“ಮೇಜಾದರೂ ಇದು ಆ ಚಾಳಿ ಬಿಡುವುದಿಲ್ಲ, ಸ್ವಾಮೀ.”

ಮರವು ಕಡಿದು ಎಷ್ಟು ಕಾಲವಾದರೂ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳೆಲ್ಲ ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಮೆ. ತೇಗಕ್ಕೆ ಈ ಚಾಪಲ್ಯ ಹಲವು ಮರಗಳಿಗಿಂತ ಕಡಮೆಯೇ ಆದರೂ ಸಂಪೂರ್ಣವಾಗಿ ಇಲ್ಲವೆಂದಲ್ಲ. ಕೂದಲೆಳೆಯ ಡೊಂಕನ್ನು ಬಾಗಿಲು ತಾಳಿಕೊಳ್ಳುತ್ತದೆ. ರೌಟರ್ ಮೇಜು ತಾಳದು.

ಪ್ಲೈವುಡ್ಡಿನ ಜಾಣತನ ಇಲ್ಲಿದೆ. ತೆಳುಹಾಳೆಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸುವುದರಿಂದ ಒಂದು ಹಿಗ್ಗಹೊರಟರೆ ನೆರೆಯದು ತಡೆಯುತ್ತದೆ. ಅವಿಭಕ್ತ ಕುಟುಂಬದ ನ್ಯಾಯ. ಆದರೆ ದುಬಾರಿಯಾದ ಮೆರೀನ್ ಪ್ಲೈಯೇ ಆಗಬೇಕೆಂದಿಲ್ಲ. ಅದರ ಮೇಲಿನ ಐಎಸ್ 710 ಎಂಬ ಮುದ್ರೆ ಅಂಟು ನೀರಿಗೆ ಬಗ್ಗದೆಂದು ಹೇಳೀತೇ ಹೊರತು ಹಲಗೆ ಎಂದೆಂದಿಗೂ ಸಮತಲವಾಗಿರುವುದೆಂದು ಮಾತು ಕೊಡುವುದಿಲ್ಲ. ಅದನ್ನು ಅಂಗಡಿಯಲ್ಲಿಯೇ ಮಟ್ಟಗೋಲನ್ನಿಟ್ಟು ನೋಡಿಕೊಳ್ಳಬೇಕು.

ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಗೆ ಎಳೆಯೇ ಇಲ್ಲ. ಸಮತಲವೆಂಬುದು ಅದರ ಹುಟ್ಟುಗುಣ. ಕುಲಗೋತ್ರವಿಲ್ಲದ ಈ ಹಲಗೆಯನ್ನೇ ಆಚಾರ್ರು ಆರಿಸಿದಾಗ ತಂದೆಯವರ ಹುಬ್ಬು ಗಂಟಿಕ್ಕಿತು. ಅದಕ್ಕೂ ದೋಷಗಳುಂಟು. ನೀರು ಕುಡಿದರೆ ಉಬ್ಬಿ, ಮತ್ತೆ ಮೊದಲಿನಂತಾಗದು. ಅಂಚಿಗೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಭಾರಕ್ಕೆ ಮೆಲ್ಲಮೆಲ್ಲನೆ ಜಗ್ಗುತ್ತದೆ. ಕೊಯ್ಯುವಾಗ ಏಳುವ ನುಣ್ಣನೆಯ ಪುಡಿಗೆ ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಒಂದೊಂದಕ್ಕೂ ಮದ್ದುಂಟು. 18 ಮಿಲಿಮೀಟರಿನ ಎರಡು ಹಲಗೆಗಳನ್ನು ಅಂಟಿಸಿ 36 ಮಿಲಿಮೀಟರ್ ದಪ್ಪ ಮಾಡಿದರು; ಅಡಿಯಲ್ಲಿ ಚೌಕಟ್ಟು ಕೊಟ್ಟರು. ಮೇಲೂ ಕೆಳಗೂ ಸನ್‌ಮೈಕಾ ಹಚ್ಚಿದರು. ಒಂದೇ ಕಡೆ ಹಚ್ಚಿದರೆ ಬರಿಯ ಮೈಯಷ್ಟೇ ತೇವ ಹೀರಿ ಹಲಗೆ ಬಾಗುತ್ತದೆ. ಇಷ್ಟು ದಪ್ಪ ಹಲಗೆ ಅಲಗಿನ ಎತ್ತರವನ್ನೆಲ್ಲ ನುಂಗಿಬಿಡುವುದರಿಂದ ನಡುವೆ ಕಿಂಡಿ ಕೊಯ್ದು, 6 ಮಿಲಿಮೀಟರಿನ ಅಲ್ಯುಮಿನಿಯಂ ತಗಡನ್ನು ಮೇಲ್ಮೈಗೆ ಸರಿಸಮವಾಗಿ ಕೂರಿಸಿ, ಯಂತ್ರವನ್ನು ಅದಕ್ಕೆ ಬಿಗಿದರು.

ಇನ್ನು ಬಾಗಿಲು? ಮರ ಉದ್ದಕ್ಕೆ ಬೆಳೆಯದಷ್ಟೆ. ಹಾಗಾದರೆ ಉದ್ದವೇ ಮುಖ್ಯವಾದೆಡೆ ಅದನ್ನು ನಂಬಬಹುದು. ಬಾಗಿಲಿನ ಚೌಕಟ್ಟಿನ ದಪ್ಪ ಪಟ್ಟಿಗಳಿಂದ ಮೇಜಿಗೆ ನಾಲ್ಕು ಕಾಲುಗಳಾದುವು, ಎಂ.ಡಿ.ಎಫ್.ನ ಬರಿಯ ಅಂಚುಗಳಿಗೆ ಸುತ್ತಲೂ ತೇಗದ ಪಟ್ಟಿ ಬಂತು. ನಡುವಿನ ಅಗಲ ಹಲಗೆಗಳು ಕೊಯ್ತವಿಲ್ಲದೆ ಅಟ್ಟಕ್ಕೆ ಮರಳಿದುವು, ದೇವರ ಮಂಟಪಕ್ಕೆಂದು.

ಆ ವರ್ಷದ ಮಳೆಗಾಲ ಮುಗಿಯುವ ವೇಳೆಗೆ ತಂದೆಯವರೇ ಒಂದು ದಿನ ಮಟ್ಟಗೋಲನ್ನು ಮೇಜಿನ ಮೇಲಿಟ್ಟು, ಅಡಿಯಲ್ಲಿ ಬೆಳಕು ತೂರುವುದೇ ಎಂದು ಬಗ್ಗಿ ನೋಡಿದರು. ತೂರಲಿಲ್ಲ.

“ಕಾಲು ಗಟ್ಟಿಯಾಗಿವೆಯಲ್ಲ, ಅದಕ್ಕೆ” ಎಂದರು.

“ಹೌದಪ್ಪ” ಎಂದನು ಮಗ.