ಅಮ್ಮನ ಬಾಡಿ

ಯುಗಾದಿಗೆ ಊರಿಗೆ ಹೋದಾಗ ಅಮ್ಮ ಎಣ್ಣೆ ಹಚ್ಚಿಕೊಡು ಅಂತ ಬೆನ್ನು ಕೊಟ್ಟು ಕೂತಿದ್ದಳು. ಎರಡೂ ಹೆಗಲ ಮೇಲೆ ಬೆರಳಿಟ್ಟರೆ ಕೂರುವಷ್ಟು ಹಳ್ಳ. ಎರಡು ವರ್ಷದಿಂದ ಕತ್ತುನೋವೆಂದು ಮುಲಾಮು ತಿಕ್ಕುತ್ತಿದ್ದಾಳೆ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರಂತೆ. ಒಳಗೆ ಏನು ಹಾಕುತ್ತೀರಿ ಎಂದು ಅವರು ಕೇಳಲಿಲ್ಲ. ಇವಳಾಗಿ ಹೇಳುವುದಂತೂ ದೂರದ ಮಾತು.

ಅಮ್ಮ ಅದನ್ನು ಈಗಲೂ 'ಬಾಡಿ' ಅಂತಲೇ ಕರೆಯುತ್ತಾಳೆ. ಅಜ್ಜಿಯ ಕಾಲದ ಬಾಡಿ ದರ್ಜಿ ಹೊಲಿದ ಬಿಳಿ ಕಾಟನ್ನಿನದು, ಮುಂದೆ ಹುಕ್ಕು. ಇಂಗ್ಲಿಷಿನ ಬಾಡೀಸ್ ಕೂಡ ಹುಟ್ಟಿದ್ದು 'ಬಾಡಿ'ಯ ಬಹುವಚನದಿಂದಲೇ. ಹಾಗಾಗಿ ತಪ್ಪು ಉಚ್ಚಾರವೆಂದು ನಾವು ನಗುತ್ತಿದ್ದ ಅಜ್ಜಿಯೇ ಮೂಲಕ್ಕೆ ಹತ್ತಿರವಿದ್ದಳು.

ನಾನು ಹುಟ್ಟಿದಾಗಿನಿಂದಲೂ ಅಮ್ಮನದು 38. ಪೇಟೆಯ ಬಟ್ಟೆ ಅಂಗಡಿಯಲ್ಲಿ ದನಿ ತಗ್ಗಿಸಿ "ಮೂವತ್ತೆಂಟು ಕೊಡಿ" ಎನ್ನುವುದು, ಅವರು ಪೇಪರಿನಲ್ಲಿ ಸುತ್ತಿ ಕೊಡುವುದು, ಅಷ್ಟೇ ವ್ಯವಹಾರ. ರವಿಕೆ ಕಾಲಿಂಚು ಹೆಚ್ಚುಕಮ್ಮಿಯಾದರೆ ಟೈಲರ್ ಹತ್ತಿರ ಜಗಳ ಆಡುವವಳು, ಒಳಗಿನದಕ್ಕೆ ಒಮ್ಮೆಯೂ ಅಳತೆ ಕೊಟ್ಟವಳಲ್ಲ. ಅವಳನ್ನೇಕೆ ಅನ್ನಲಿ? ಮಹಿಳೆಯರ ಆತ್ಮಕಥನದಲ್ಲಿ ದೇಹ ಎಂಬ ಅಧ್ಯಾಯಕ್ಕೆ ನಲವತ್ತು ಪುಟ ಬರೆದ ನನಗೆ, 38ರ ಪಕ್ಕದ 'ಬಿ' ಅಂದರೇನೆಂದು ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಂಡೆ. ಅಂಕಿ ಎದೆಯ ಕೆಳಗಿನ ಪಟ್ಟಿಯದು. ಅಕ್ಷರ, ಎದೆಯ ಸುತ್ತಳತೆಗೂ ಪಟ್ಟಿಗೂ ಇರುವ ವ್ಯತ್ಯಾಸ: ಒಂದಿಂಚಾದರೆ ಎ, ಎರಡಾದರೆ ಬಿ, ಮೂರು ಸಿ, ನಾಲ್ಕು ಡಿ. ಭಾರ ಹೊರಬೇಕಾದದ್ದು ಹೆಗಲಪಟ್ಟಿಯಲ್ಲ, ಕೆಳಗಿನ ಪಟ್ಟಿ.

ಚಿಲಕ ಹಾಕಿ, ಟೇಪು ಹಿಡಿದು ನಿಂತೆ. "ಥೂ, ಈ ವಯಸ್ಸಲ್ಲಿ ಇದೇನೇ!" ಎನ್ನುತ್ತಲೇ ಕೈ ಎತ್ತಿದಳು. ಕೆಳಗೆ 34, ಮೇಲೆ 38. ಅಂದರೆ 34 ಡಿ. ವಿಚಿತ್ರವೆಂದರೆ 38 ಬಿ, 36 ಸಿ, 34 ಡಿ ಮೂರರ ಬಟ್ಟಲೂ ಒಂದೇ ಗಾತ್ರ. ಬಟ್ಟಲು ಸರಿಯಾಗಿ ಕೂರುತ್ತಿದ್ದುದರಿಂದ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಪಟ್ಟಿ ಸಡಿಲವಾಗಿ ಬೆನ್ನ ಮೇಲೇರುತ್ತಿತ್ತು, ಇವಳು ಹೆಗಲಪಟ್ಟಿ ಬಿಗಿ ಮಾಡುತ್ತ ಬಂದಿದ್ದಳು. ಇಷ್ಟು ವರ್ಷ.

ಶಿವಮೊಗ್ಗಕ್ಕೆ ಹೋದೆವು. ಕೌಂಟರಿನಲ್ಲಿ ಹುಡುಗಿಯೊಬ್ಬಳಿದ್ದದ್ದು ಪುಣ್ಯ. ಅಚ್ಚು ಹಾಕಿದಂಥ ಟೀ-ಶರ್ಟ್ ಬ್ರಾ ತೆಗೆದಿಟ್ಟಳು. ಅಮ್ಮ ಬೆರಳಲ್ಲಿ ಒತ್ತಿ, "ಇದೇನೇ, ತೆಂಗಿನ ಚಿಪ್ಪಾ?" ಅಂದಳು. ತಂತಿಯದು ಬೇಡವೇ ಬೇಡ. ಬಾಲ್ಕನೆಟ್‌ನ ಅರ್ಧ ಬಟ್ಟಲು, ದೂರ ದೂರದ ಹೆಗಲಪಟ್ಟಿ ನೋಡಿ ನನ್ನ ಮುಖ ನೋಡಿದಳು. ಅದು ಅಗಲ ಕತ್ತಿನ ಉಡುಪಿಗೆ ಎಂದು ವಿವರಿಸುವ ಸಾಹಸ ನಾನು ಮಾಡಲಿಲ್ಲ. ಸ್ಪೋರ್ಟ್ಸ್ ಬ್ರಾ ಹಿಡಿದು ಮಾತ್ರ ಬಹಳ ಹೊತ್ತು ನಿಂತಳು. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್ ಮತ್ತು ಅವಳ ಗೆಳತಿಯರು, ಓಡುವಾಗ ಆಗುತ್ತಿದ್ದ ನೋವು ತಾಳದೆ, ಗಂಡಸರ ಎರಡು ಜಾಕ್‌ಸ್ಟ್ರಾಪ್ ಸೇರಿಸಿ ಹೊಲಿದು ಮೊದಲನೆಯದನ್ನು ಮಾಡಿದ್ದು ಎಂದೆ. ಜಾಕ್‌ಸ್ಟ್ರಾಪ್ ಅಂದರೇನೆಂದು ಹೇಳಿದಾಗ ಅಂಗಡಿಯಲ್ಲೇ ಬಾಯಿಗೆ ಸೆರಗು ಒತ್ತಿ ನಕ್ಕಳು. ಅವಳು ಹಾಗೆ ನಕ್ಕಿದ್ದು ನೋಡಿ ಎಷ್ಟು ದಿನವಾಗಿತ್ತೋ.

34 ಡಿ ಸಿಗಲಿಲ್ಲ. "ಡಿ ನಮ್ಮಲ್ಲಿ ಬರಲ್ಲ ಆಂಟಿ." ಕೊನೆಗೆ 36 ಸಿ, ಕಾಟನ್, ಪೂರ್ತಿ ಬಟ್ಟಲು, ಅಗಲ ಹೆಗಲಪಟ್ಟಿ. ಈಗ ಹೊರಗಿನ ಹುಕ್ಕಿಗೆ ಹಾಕು, ಎಲಾಸ್ಟಿಕ್ ಸಡಿಲವಾದ ಮೇಲೆ ಒಳಗಿನದಕ್ಕೆ ಬಾ ಎಂದು ಹೇಳಿಕೊಟ್ಟೆ.

ಹಾಸ್ಟೆಲ್ಲಿಗೆ ಮರಳಿ ಒಂದು ತಿಂಗಳಾಗಿತ್ತು. ಫೋನಿನಲ್ಲಿ ಕತ್ತುನೋವು ಹೇಗಿದೆ ಎಂದೆ. "ಪೂರ್ತಿ ಹೋಗಿಲ್ಲ, ರಾತ್ರಿ ನಿದ್ದೆ ಬರ್ತಿದೆ" ಅಂದಳು. ಹೊಸದನ್ನೂ ಟವೆಲ್ಲಿನ ಅಡಿಯಲ್ಲೇ ಒಣಗಿಸುತ್ತಾಳಂತೆ. ಆಮೇಲೆ ದನಿ ತಗ್ಗಿಸಿ, "ಚಿಕ್ಕಮ್ಮಂದೂ ಅಳತೆ ತೆಗೀಬೇಕಂತೆ ಕಣೇ, ಯಾವಾಗ ಬರ್ತೀಯಾ?"