ಮೂರು ಇಂಚು ಎತ್ತರ

ಐವತ್ತು ದಾಟಿದ ಮೇಲೆ ಹೆಂಗಸರಿಗೆ ಎತ್ತರದ ಸಹವಾಸ ಬೇಡವಾಗುತ್ತದೆ. ಅಟ್ಟದ ಮೇಲಿನ ಡಬ್ಬಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಚಪ್ಪಲಿಯ ಹಿಮ್ಮಡವೂ ತಗ್ಗುತ್ತದೆ. ಹೀಗಿರುವಾಗ ಮನೆಯ ಜೀಪನ್ನು ಮೂರು ಇಂಚು ಎತ್ತರಿಸಬೇಕೆಂದು ಮಗ ಹಟ ಹಿಡಿದರೆ ನನಗೆ ನಗು ಬಾರದೆ ಇನ್ನೇನು?

ಜಮಖಂಡಿಯಲ್ಲಿ ನಮ್ಮ ಮನೆ. ಹೊಲವಿರುವುದು ಕೃಷ್ಣೆಯ ದಂಡೆಯ ಎರೆಭೂಮಿಯಲ್ಲಿ. ಕಬ್ಬು ಕಡಿಯುವ ಕಾಲಕ್ಕೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹೊಲದ ದಾರಿಯಲ್ಲಿ ಆಳವಾದ ತಗ್ಗು ಕೊರೆದು ಹೋಗುತ್ತವೆ. ಮೇಲೆ ನಾಲ್ಕು ಹನಿ ಬಿದ್ದರೆ ಮಣ್ಣು ನಾದಿದ ಹಿಟ್ಟಿನಂತೆ ಗಾಲಿಗೆ ಮೆತ್ತಿಕೊಳ್ಳುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ಹೊಲಕ್ಕೇ ಬಂದು ಹೋದ ಮೇಲಂತೂ ಆ ದಾರಿ ದಾರಿಯಾಗಿ ಉಳಿಯಲಿಲ್ಲ. ನಮ್ಮದು ಹಳೆಯ ಮಹೀಂದ್ರ ಕಮಾಂಡರ್. ಎರಡು ತಗ್ಗುಗಳ ನಡುವಿನ ದಿಬ್ಬಕ್ಕೆ ಹೊಟ್ಟೆ ತಾಗಿಸಿ ಎಮ್ಮೆಯಂತೆ ಕುಳಿತುಬಿಡುತ್ತಿತ್ತು.

“ಅವ್ವಾ, ಬರೇ ಮೂರ ಇಂಚ ಏರಿಸಿದ್ರ ಸಾಕು. ರಾಣಿ ಹಂಗ ಕುಂತು ಹೊಲಕ್ಕ ಬರ್ತಿ ನೋಡು” ಎಂದ ಮಗ.

ರಾಣಿಯಾಗುವ ಆಸೆಯಿಂದಲ್ಲ, ಮಗನ ಮುಖ ನೋಡಿ ಹಣ ಕೊಟ್ಟೆ. ಏನನ್ನು ಬದಲಿಸುತ್ತಾರೆ, ಅದರಿಂದ ಏನಾಗುತ್ತದೆ ಎಂದು ಒಂದು ಮಾತೂ ಕೇಳಲಿಲ್ಲ. “ತಿಳಿಯದಿದ್ದರೆ ಪ್ರಶ್ನೆ ಕೇಳಿರಿ” ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳುತ್ತ ಬಂದವಳು ನಾನು!

ಯಾವುದೋ ಗ್ಯಾರೇಜಿಗೆ ಹೋದ ಜೀಪು ಎರಡೇ ದಿನದಲ್ಲಿ ಎದೆ ಉಬ್ಬಿಸಿಕೊಂಡು ಮರಳಿತು. ಓಣಿಯ ಹುಡುಗರೆಲ್ಲ ಸುತ್ತು ಹಾಕಿ ನೋಡಿದರು. ಎಂಬತ್ತು ದಾಟಿದ ನಮ್ಮ ಅತ್ತೆಯವರಿಗೆ ಮಾತ್ರ ಕಾಲೆತ್ತಿ ಹತ್ತಲು ಆಗಲಿಲ್ಲ. ಅಡುಗೆಮನೆಯ ಸ್ಟೂಲು ಅಂಗಳಕ್ಕೆ ಬಂತು. ರಾತ್ರಿ ಎದುರು ಬರುವವರು ಕಣ್ಣಿಗೆ ಬೆಳಕು ಹೊಡೆಯುತ್ತದೆಂದು ಬೈದರು. “ಸ್ಟೇರಿಂಗ್ ಯಾಕೋ ತನ್ನಷ್ಟಕ್ಕ ತಾನ ಹೊರಳತೈತಿ” ಎಂದು ಮಗನೂ ಒಮ್ಮೆ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೀಳಗಿ ಕಡೆಯ ಹಳ್ಳಿಯಲ್ಲಿ ನಾದಿನಿಯ ಮನೆಯ ಕಾರ್ಯ. ಅತ್ತೆ, ನಾನು, ಮಗ ಹೊರಟೆವು. ಊರ ಹತ್ತಿರ ಇಳಿಜಾರಿನ ಕಚ್ಚಾ ದಾರಿ. ಮುಂದಿನ ಗಾಲಿ ಒಂದು ತಗ್ಗಿಗೆ ಇಳಿದು ಎದ್ದಿತು. ಮರುಕ್ಷಣ ಮಗನ ಮುಖ ಬಿಳುಚಿತು. ಬ್ರೇಕು ತುಳಿದರೆ ಪೆಡಲು ನೆಲಕ್ಕೇ ಹೋಗುತ್ತಿತ್ತು. ಕೈಬ್ರೇಕು ಎಳೆದು, ಗೇರು ಇಳಿಸಿ, ಕಡೆಗೆ ಒಂದು ಮಣ್ಣಿನ ಒಡ್ಡಿಗೆ ತಾಗಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಅತ್ತೆ ನನ್ನ ಕೈ ಹಿಡಿದದ್ದನ್ನು ಬಹಳ ಹೊತ್ತು ಬಿಡಲಿಲ್ಲ. ಆ ಹಿಡಿತ ಈಗಲೂ ನನ್ನ ಮುಂಗೈಯಲ್ಲಿದೆ.

ಮುಧೋಳದಲ್ಲಿ ಹಳೆಯ ಜೀಪುಗಳ ಮೈಬಲ್ಲ ಮೇಸ್ತ್ರಿಯೊಬ್ಬರಿದ್ದಾರೆ. ಜೀಪನ್ನು ಅವರಲ್ಲಿಗೆ ಎಳೆಸಿದೆವು. ಈ ಸಲ ನಾನೂ ಹೋದೆ, ನೋಟುಬುಕ್ಕು ಹಿಡಿದುಕೊಂಡು.

“ಬರ್ರಿ ಅಕ್ಕೋರ, ಬಗ್ಗಿ ನೋಡ್ರಿ” ಎಂದರು. ಮಂಡಿನೋವು ಮರೆತು ಬಗ್ಗಿದೆ.

ಗಾಲಿಯ ಅಚ್ಚಿಗೂ ಮೇಲಿನ ಚಾಸಿಗೂ ನಡುವೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅದಕ್ಕೆ ಪಾಟಾ ಎನ್ನುತ್ತಾರೆ. ಅದರ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ ಶಾಕಲ್. ಮೊದಲಿನ ಗ್ಯಾರೇಜಿನವರು ಉದ್ದನೆಯ ಶಾಕಲ್ ಹಾಕಿ ಮುಂಭಾಗವನ್ನೂ, ಪಾಟಾ ಮತ್ತು ಅಚ್ಚಿನ ನಡುವೆ ಕಬ್ಬಿಣದ ತುಂಡು ಇಟ್ಟು ಹಿಂಭಾಗವನ್ನೂ ಎತ್ತರಿಸಿದ್ದರು. ಉದ್ದ ಶಾಕಲ್‌ನಿಂದ ಮುಂದಿನ ಅಚ್ಚು ಕೊಂಚ ಹೊರಳಿತ್ತು. ಅದಕ್ಕೇ ಸ್ಟೇರಿಂಗು ನೇರ ನಿಲ್ಲುತ್ತಿರಲಿಲ್ಲ. ಮೇಲಿನದು ಏರಿದರೂ ಚಾಸಿಯಿಂದ ಗಾಲಿಗೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಪೈಪು ಹಳೆಯ ಅಳತೆಯದೇ. ಗಾಲಿ ತಗ್ಗಿಗೆ ಇಳಿದಾಗ ಅದು ಹಗ್ಗದಂತೆ ಬಿಗಿದು ಕಿತ್ತಿತ್ತು. ಶಾಕ್ ಅಬ್ಸಾರ್ಬರುಗಳೂ ಗಿಡ್ಡವಾಗಿ ಕೊನೆಯ ಮಟ್ಟಕ್ಕೆ ಎಳೆದು ನಿಂತಿದ್ದವು. ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಹೋಗುವ ಶಾಫ್ಟು ಹೆಚ್ಚು ಓರೆಯಾಗಿ ಅದರ ಜಾಯಿಂಟು ಸವೆಯತೊಡಗಿತ್ತು.

“ಇನ್ನೊಂದ ಕೇಳ್ರಿ” ಎಂದು ಹಿಂದಿನ ಅಚ್ಚಿನ ನಡುವಿನ ದಪ್ಪ ಗುಂಡನ್ನು ತಟ್ಟಿದರು ಮೇಸ್ತ್ರಿ. “ಮ್ಯಾಲಿನ ಬಾಡಿ ಎಷ್ಟ ಏರಿಸಿದ್ರೂ ಈ ಡಿಫರೆನ್ಷಿಯಲ್ ಇದ್ದಲ್ಲೇ ಇರತೈತಿ. ಇದು ಏರಬೇಕಂದ್ರ ದೊಡ್ಡ ಟಾಯರ್ ಬೇಕು. ದೊಡ್ಡ ಟಾಯರ್ ಹಾಕಿದ್ರ ಮಡ್‌ಗಾರ್ಡಿಗೆ ತಾಗತೈತಿ, ಸ್ಪೀಡ್ ಮೀಟರ್ ಕಡಿಮಿ ತೋರಸತೈತಿ, ಬ್ರೇಕಿಗೆ ಭಾರ ಬೀಳತೈತಿ. ಮತ್ತ ಗಾಡಿ ಎತ್ತರಾದಷ್ಟೂ ತಿರುವಿನ್ಯಾಗ ಮಗುಚೂದು ಸಸಾರ.”

ಬರೆದುಕೊಳ್ಳುತ್ತಿದ್ದ ನನಗೆ ಬನಹಟ್ಟಿಯ ತವರುಮನೆ ನೆನಪಾಯಿತು. ಒಂದು ಮಳೆಗಾಲ ಕೈಮಗ್ಗದ ಕುಣಿಯಲ್ಲಿ ನೀರು ಜಿನುಗಿತೆಂದು ಅಪ್ಪ ಮಗ್ಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟರು. ಇಷ್ಟೇ ಕೆಲಸ ಎಂದುಕೊಂಡು ಕುಳಿತರೆ, ತುಳಿಯುವ ಹಲಗೆಗೆ ಕಟ್ಟಿದ ಹಗ್ಗ ಗಿಡ್ಡ. ತುಳಿದರೂ ಎಳೆಗಳು ಸರಿಯಾಗಿ ಬಾಯಿ ಬಿಡಲಿಲ್ಲ, ಲಾಳಿ ನಡುವೆ ಸಿಕ್ಕಿತು. ಒಂದೊಂದೇ ಹಗ್ಗ ಬಿಚ್ಚಿ ಕಟ್ಟುವುದರಲ್ಲಿ ಇಡೀ ದಿನ ಹೋಯಿತು. ಆದರೆ ಅಪ್ಪ ಪ್ರತಿ ಗಂಟು ನೋಡಿಯೇ ಎದ್ದರು. ನಾವು ನೋಡದೆ ರಸ್ತೆಗಿಳಿದಿದ್ದೆವು.

“ಹಂಗಾದ್ರ ಎಲ್ಲಾ ಸಾಮಾನು ಹೊಂದಿಸಿ ಮೂರ ಇಂಚ ಇಟಗೊಳ್ಳೂಣಲ್ಲ?” ಎಂದ ಮಗ.

ಮೇಸ್ತ್ರಿ ತಲೆಯಾಡಿಸಿದರು. ನೋಂದಣಿ ಪುಸ್ತಕದಲ್ಲಿರುವ ಕಂಪನಿಯ ಮೂಲ ಅಳತೆಗೆ ಭಿನ್ನವಾಗುವಂತೆ ವಾಹನ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರೂ ಇದೇ ಪ್ರಶ್ನೆ ಎತ್ತಬಹುದು.

ಆಮೇಲೆ ಅವರು ಪಾಟಾವನ್ನು ಕೈಯಿಂದ ಸವರಿ ಮೆಲ್ಲಗೆ ಹೇಳಿದರು: “ಇದು ದುಡದು ದುಡದು ಚಪ್ಪಟ್ಟಿ ಆಗೈತ್ರಿ. ಕಂಪನಿ ಅಳತಿದು ಹೊಸಾದು ಹಾಕ್ರಿ. ಮೊದಲಿನ ಎತ್ತರ ತಾನ ಬರತೈತಿ.”

ಹಾಗೆಯೇ ಮಾಡಿಸಿದೆವು. ಪಾಟಾ, ಅದನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟುಗಳು, ಶಾಕಲ್, ಬ್ರೇಕಿನ ಪೈಪು ಎಲ್ಲ ಹೊಸದು, ಎಲ್ಲ ಹಳೆಯ ಅಳತೆ. ಜೀಪು ಕುಸಿದಿದ್ದ ಎರಡು ಬೆರಳು ಮೇಲೆ ಬಂತು. ಹೊಲದ ದಾರಿಗೆ ಮಗ ಎರಡು ಟ್ರ್ಯಾಕ್ಟರ್ ಗರಸು ಹಾಕಿಸಿದ. ಜೀಪು ಈಗಲೂ ಕೆಲವೊಮ್ಮೆ ಹುಗಿಯುತ್ತದೆ. ಆಗ ಇಳಿದು ನಡೆಯುತ್ತೇವೆ.

ಮೊನ್ನೆ ಜಾತ್ರೆಗೆ ಹೊರಟಾಗ ಅತ್ತೆ ಸ್ಟೂಲಿಗಾಗಿ ಸುತ್ತ ನೋಡಿದರು. “ಬ್ಯಾಡ್ರಿ ಅತ್ತಿ, ಈಗ ಹತ್ತಾಕ ಬರತೈತಿ” ಎಂದೆ. ಅವರು ಬಾಗಿಲು ಹಿಡಿದು ತಾವಾಗಿ ಹತ್ತಿ ಕುಳಿತರು. ಮಗ ಗಾಡಿ ಶುರು ಮಾಡುವ ಮೊದಲು ಬ್ರೇಕನ್ನು ಎರಡು ಸಲ ತುಳಿದು ನೋಡಿದ. ಈಗ ಅದು ಅವನಿಗೆ ರೂಢಿಯಾಗಿದೆ.