ಹಿಂಡುವ ಯಂತ್ರದ ಗದ್ದಲ

ಚಿಕ್ಕಜಾಜೂರಿನವರಿಗೆ ಗದ್ದಲವೆಂಬುದು ಹೊಸತಲ್ಲ. ಬೆಂಗಳೂರು-ಹುಬ್ಬಳ್ಳಿಯ ರೈಲುಮಾರ್ಗಕ್ಕೆ ಚಿತ್ರದುರ್ಗ, ರಾಯದುರ್ಗಗಳ ಕಡೆಯ ಹಾದಿ ಬಂದು ಕೂಡುವ ಈ ಜಂಕ್ಷನ್ನಿನಲ್ಲಿ, ಗಾಡಿಗಳ ಸದ್ದು ಕೇಳಿ ಕೇಳಿ ನಮ್ಮ ಕಿವಿಗಳು ಪಳಗಿಹೋಗಿವೆ. ಅಂತಹ ಊರಿನಲ್ಲಿಯೂ ನೆರೆಯವರು ಬಂದು, "ಏನು ಸ್ವಾಮಿ, ನಿಮ್ಮ ಹಿತ್ತಲಿನಲ್ಲಿ ಗೂಡ್ಸ್ ಗಾಡಿ ಓಡುತ್ತಿದೆಯೇ?" ಎಂದು ವಿಚಾರಿಸಿದರೆಂದ ಮೇಲೆ ನಮ್ಮ ಯಂತ್ರದ ಪ್ರತಾಪವನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಮ್ಮದು ಎರಡು ತೊಟ್ಟಿಗಳ ಸಾಮಾನ್ಯ ಯಂತ್ರ. ಒಂದರಲ್ಲಿ ಒಗೆತ, ಇನ್ನೊಂದರಲ್ಲಿ ಹಿಂಡುವಿಕೆ. ಬಿಸಿಗಾಳಿಯಿಂದ ಒಣಗಿಸುವ ಯಂತ್ರವು ನಮ್ಮ ಬಯಲುಸೀಮೆಗೆ ಬೇಕಾಗಿಲ್ಲ. ಆ ಕೆಲಸವನ್ನು ಸೂರ್ಯನಾರಾಯಣನು ವರ್ಷದ ಬಹುಭಾಗ ಬಿಟ್ಟಿಯಾಗಿ ಮಾಡಿಕೊಡುತ್ತಾನೆ. ಆದರೆ ಹಿಂಡುವ ಶ್ರಮವು ಕೈಗೇ ಸೇರಿದ್ದು. ನಮ್ಮ ತಾಯಿಯವರ ಬೆರಳುಗಳ ಗೆಣ್ಣುಗಳು ವಾತದಿಂದ ಊದಿಕೊಂಡ ಕಾರಣ, ಅವರಿಗಾಗಿಯೇ ಆ ಯಂತ್ರವನ್ನು ಕೊಂಡಿದ್ದೆನು.

ಸದ್ದು ಆರಂಭವಾದ ದಿನ ನಾನು ಹಿಂದುಮುಂದು ನೋಡದೆ, "ಅಮ್ಮ, ನೀನು ಬಟ್ಟೆಯನ್ನು ಒಂದೇ ಮಗ್ಗುಲಿಗೆ ತುರುಕುತ್ತೀಯೆ" ಎಂದು ಗದರಿಬಿಟ್ಟೆನು. ಮಾತಿನಲ್ಲಿ ಶಾಸ್ತ್ರವೇನೋ ಇತ್ತು. ನಿಮಿಷಕ್ಕೆ 1300 ಸುತ್ತು ತಿರುಗುವ ಬುಟ್ಟಿಯಲ್ಲಿ, ನಡುವಿನಿಂದ 12 ಸೆಂಟಿಮೀಟರು ದೂರದಲ್ಲಿ 200 ಗ್ರಾಮಿನಷ್ಟು ಒದ್ದೆಬಟ್ಟೆ ಒಂದು ಕಡೆಗೆ ಹೆಚ್ಚಾದರೆ, ಅದು 40 ಕಿಲೋಗ್ರಾಮಿಗೂ ಮಿಕ್ಕ ಭಾರದಂತೆ ಬುಟ್ಟಿಯನ್ನು ಎಳೆಯುತ್ತದೆ. ಅಮ್ಮ ಮರುಮಾತಾಡಲಿಲ್ಲ. ಮಾರನೆಯ ದಿನದಿಂದ ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆದು, ಆ ಊದಿದ ಕೈಗಳಿಂದಲೇ ಹಿಂಡತೊಡಗಿದರು. ಎಂಟು ದಿನ ಅದನ್ನು ನೋಡಿಯೂ ನೋಡದವನಂತಿದ್ದೆನು.

ಒಂಬತ್ತನೆಯ ದಿನ ಭಾನುವಾರ. ಅಮ್ಮ ಊಟಕ್ಕೆ ಕುಳಿತಾಗ ತುತ್ತು ಕಲಸಲಾರದೆ ಚಮಚ ಕೇಳಿದರು. ನನಗೆ ಊಟ ಸೇರಲಿಲ್ಲ. ಎದ್ದು ಯಂತ್ರದ ಬಳಿಗೆ ಹೋದೆನು.

ಮೊದಲು ಬುಟ್ಟಿಯನ್ನು ಬರಿದಾಗಿಯೇ ತಿರುಗಿಸಿದೆನು. ಸದ್ದು ಹಾಗೆಯೇ ಇತ್ತು! ಅಂದಮೇಲೆ ತಪ್ಪು ಬಟ್ಟೆಯದಲ್ಲ, ಅಮ್ಮನದೂ ಅಲ್ಲ. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ಊರಿದ್ದುವು. ಬಳಿಕ ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತು, ಕೆಲವು ಹೊತ್ತು ಕಾದು, ಹಿಂಬದಿಯ ಹಲಗೆಯನ್ನು ಬಿಚ್ಚಿದೆನು. (ತಂತಿ ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದುದರಿಂದ ಅದರ ತುದಿಗಳನ್ನು ಯಾರೂ ಮುಟ್ಟತಕ್ಕದ್ದಲ್ಲ.) ಮೋಟಾರನ್ನು ಹೊತ್ತಿರುವ ಮೂರು ಸ್ಪ್ರಿಂಗುಗಳು ನೆಟ್ಟಗಿದ್ದುವು. ಮುಚ್ಚಳ ಹಾಕಿದಾಗ ಬ್ರೇಕು ಬಿಡುತ್ತಿತ್ತು. ಬಿಡದಿದ್ದರೆ ಉಜ್ಜಿದ ಸದ್ದೂ ಸುಟ್ಟ ವಾಸನೆಯೂ ಬರುವುವು.

ಕೊನೆಗೆ ಬುಟ್ಟಿಯನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಿದಾಗ ಪ್ರತಿ ಸುತ್ತಿನಲ್ಲಿಯೂ ಒಂದೇ ಎಡೆಯಲ್ಲಿ 'ಕರ್' ಎಂದಿತು. ಟಾರ್ಚಿನ ಬೆಳಕಿನಲ್ಲಿ ನೋಡಲಾಗಿ, ಬುಟ್ಟಿಗೂ ಹೊರತೊಟ್ಟಿಗೂ ನಡುವಣ ಸಂದಿಯ ತಳದಲ್ಲಿ ಏನೋ ಹೊಳೆಯಿತು. ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟೆನು, ಅದಕ್ಕೆ ಹತ್ತಲಿಲ್ಲ. ಬೇರೆ ದಾರಿ ಕಾಣದೆ ಹಿಂದಿನಿಂದ ಬುಟ್ಟಿಯ ದಂಡವನ್ನು ಬಿಗಿದಿದ್ದ ಬೋಲ್ಟುಗಳನ್ನು ಸಡಿಲಿಸಿ, ಬುಟ್ಟಿಯನ್ನೇ ಎತ್ತಿದೆನು. ಕೆಳಗೆ ಹಿತ್ತಾಳೆಯ ಬಣ್ಣದ ಐದು ರೂಪಾಯಿಯ ನಾಣ್ಯ!

ಅಮ್ಮ ಎಂದೂ ಸೆರಗಿಗೆ ನಾಣ್ಯ ಕಟ್ಟುವವರಲ್ಲ. ಅಂಗಿಯ ಜೇಬು ನನ್ನದು. ಹಿಂದೊಮ್ಮೆ ಅವಸರದಲ್ಲಿ ಬಟ್ಟೆಯ ಮೇಲಿಡುವ ಬಿಲ್ಲೆಯನ್ನು ಇಡದೆಯೇ ನನ್ನ ಅಂಗಿಯನ್ನು ಹಿಂಡಲು ಹಾಕಿದವನೂ ನಾನೇ. ನಾಣ್ಯವು ಬುಟ್ಟಿಯ ಅಂಚನ್ನು ಹಾರಿ ಸಂದಿಗೆ ಬಿದ್ದಿತ್ತು.

ಬುಟ್ಟಿಯನ್ನು ಕೂಡಿಸಿ, ಬೋಲ್ಟುಗಳನ್ನು ಬಿಗಿದು, ಗುಂಡಿ ತಿರುಗಿಸಿದೆನು. ಹಳೆಯ ಮೆಲುದನಿ ಹೊರಟಿತು. ಅಮ್ಮ ಬಾಗಿಲಿಗೆ ಬಂದು ನಿಂತರು. "ತಪ್ಪು ನನ್ನದಮ್ಮ" ಎಂದು ನಾಣ್ಯ ತೋರಿಸಿದೆನು. ಅವರು ಅದನ್ನು ಸೆರಗಿನಲ್ಲಿ ಒರಸಿ, ನನ್ನ ಜೇಬಿಗೇ ಹಾಕಿ, "ಇನ್ನು ಮೇಲೆ ಜೇಬು ನೋಡಿಕೊಂಡು ಬಟ್ಟೆ ಹಾಕು" ಎಂದರು. ಎಂಟು ದಿನದ ನೋವಿನ ಮಾತನ್ನು ಅವರು ಎತ್ತಲೇ ಇಲ್ಲ.

ಯಂತ್ರ ಕೆಟ್ಟಾಗ ಮೊದಲು ಅದನ್ನು ಬರಿದಾಗಿ ಓಡಿಸಿ ನೋಡಬೇಕೆಂಬುದನ್ನು ಅಂದು ಕಲಿತೆನು. ಮನೆಯವರನ್ನು ಗದರುವುದು ಅದಕ್ಕೂ ಮುಂಚೆ ಆಗತಕ್ಕ ಕೆಲಸವಲ್ಲ.